ಬಳಕೆ ವರ್ತನೆ

ಎದುರಿಗೆ ಕಂಡ ಇಲ್ಲವೆ ಕೈಗೆ ತಾಗಿದ ವಸ್ತುವನ್ನು, ಬೇಕಿರಲಿ ಬೇಡದಿರಲಿ, ಯಾರೂ ಹೇಳದೆ ಎತ್ತಿಕೊಂಡು ಅದರ ರೂಢಿಯ ಕೆಲಸಕ್ಕೆ ತೊಡಗಿಬಿಡುವ ನಡವಳಿಕೆ. ಮಿದುಳಿನ ಮುಂಹಾಲೆಗೆ, ಎಂದರೆ ಹಣೆಯ ಹಿಂದಿರುವ ಭಾಗಕ್ಕೆ, ಹಾನಿಯಾದಾಗ ಕಾಣಿಸಿಕೊಳ್ಳುತ್ತದೆ. ಬಾಚಣಿಗೆ ಕಂಡರೆ ತಲೆ ಬಾಚುವುದು, ಬೆಂಕಿಪೊಟ್ಟಣ ಕಂಡರೆ ಕಡ್ಡಿ ಗೀರುವುದು, ಚೊಂಬು ಲೋಟ ಕಂಡರೆ ಬಾಯಾರಿಕೆ ಇಲ್ಲದಿದ್ದರೂ ನೀರು ಬಗ್ಗಿಸಿ ಕುಡಿಯುವುದು ಇದರ ಲಕ್ಷಣ. ಇಂಥವರ ಕೈಯ ಕಸುವು ಕುಂದಿರುವುದಿಲ್ಲ. ವಸ್ತುವಿನ ಗುರುತು ತಪ್ಪಿರುವುದಿಲ್ಲ. ಅದನ್ನು ಬಳಸುವ ಬಗೆಯೂ ಮರೆತಿರುವುದಿಲ್ಲ. ಕೆಲಸ ಅಚ್ಚುಕಟ್ಟಾಗಿಯೇ ನಡೆಯುತ್ತದೆ. ಕಾಣುವುದಕ್ಕೂ ಕೈಚಾಚುವುದಕ್ಕೂ ನಡುವೆ ನಮ್ಮೆಲ್ಲರಲ್ಲಿ ಒಂದು ಗಳಿಗೆಯ ತಡೆ ಇರುತ್ತದಲ್ಲ, ಈಗ ಇದು ನನಗೆ ಬೇಕೇ ಎಂದು ಒಳಗೊಳಗೇ ಕೇಳಿಕೊಳ್ಳುವ ಗಳಿಗೆ, ಅದೊಂದು ಇಲ್ಲವಾಗಿರುತ್ತದೆ.

ವೈದ್ಯರು ಇದನ್ನು ಯುಟಿಲೈಸೇಶನ್ ಬಿಹೇವಿಯರ್ ಎನ್ನುತ್ತಾರೆ. ಹೆಸರು ಕೊಟ್ಟವರು ಫ್ರೆಂಚ್ ನರರೋಗ ತಜ್ಞ ಫ್ರಾನ್ಸ್ವಾ ಲೆರ್ಮಿತ್, 1983ರಲ್ಲಿ. ಮಿದುಳಿನ ಬಹುತೇಕ ಕಾಯಿಲೆಗಳಿಗಿಲ್ಲದ ಒಂದು ಗುಣ ಇದಕ್ಕಿದೆ. ಹಾನಿ ಇರುವುದು ತಲೆಯೊಳಗೆ, ಆದರೆ ಅದು ಹೊರಬೀಳುವುದು ಆ ಹೊತ್ತಿಗೆ ಕೈಗೆಟುಕುವಷ್ಟರಲ್ಲಿ ಏನಿದೆ ಎಂಬುದನ್ನು ಅವಲಂಬಿಸಿ. ಬರಿದಾದ ಕೋಣೆಯಲ್ಲಿ ಸುಮ್ಮನೆ ಕುಳಿತಿರುವ ಮನುಷ್ಯ, ಸಾಮಾನು ತುಂಬಿದ ಅಡುಗೆಮನೆಯಲ್ಲಿ ಕೈ ನಿಲ್ಲಿಸಲಾರದವನಾಗುತ್ತಾನೆ. ಆದ್ದರಿಂದ ರೋಗಿ ಬದುಕುವ ಕೋಣೆಯನ್ನು ಬಿಟ್ಟು ಈ ಕಾಯಿಲೆಯನ್ನು ವಿವರಿಸಲಾಗದು. ಕೋಣೆ ಚಿಕ್ಕದಾಗಿದ್ದು ಬದುಕು ದೊಡ್ಡದಾಗಿರುವ ಮುಂಬಯಿಯಲ್ಲಿ ಈ ಮಾತಿಗೆ ತೂಕ ಹೆಚ್ಚು.

ಲೆರ್ಮಿತ್ ಕಂಡದ್ದು

ಲೆರ್ಮಿತ್ (1921-1998) ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದವರು. ಕತ್ತು ಬಗ್ಗಿಸಿದಾಗ ಬೆನ್ನುದ್ದಕ್ಕೂ ಕರೆಂಟು ಹೊಡೆದಂತಾಗುವ ‘ಲೆರ್ಮಿತ್ ಚಿಹ್ನೆ’ಗೆ ಹೆಸರು ಬಂದದ್ದು ಇವರ ತಂದೆ ಜಾನ್ ಲೆರ್ಮಿತ್‌ರಿಂದ. ಮುಂಹಾಲೆಗೆ ಪೆಟ್ಟಾದವರು ಅಂಗೈಗೆ ತಾಗಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬುದು ಮೊದಲೇ ಗೊತ್ತಿತ್ತು. ಹಸುಗೂಸು ಬೆರಳು ಹಿಡಿಯುವಂಥ ಹಿಡಿತ ಅದು. ಆ ಹಿಡಿತ ಅಲ್ಲಿಗೇ ನಿಲ್ಲದೆ ಪೂರ್ತಿ ಬಳಕೆಯಾಗಿ ಬೆಳೆಯಬಲ್ಲದೆಂದು ತೋರಿಸಿದವರು ಲೆರ್ಮಿತ್.

ಅವರ ಪರೀಕ್ಷೆ ಬಲು ಸರಳ. ರೋಗಿಯ ಎದುರು ಕುಳಿತು, ಏನನ್ನೂ ಹೇಳದೆ, ಒಂದೊಂದೇ ವಸ್ತುವನ್ನು ಮುಂದಿಡುತ್ತಿದ್ದರು ಇಲ್ಲವೆ ಕೈಗೆ ತಾಗಿಸುತ್ತಿದ್ದರು. ಆರೋಗ್ಯವಂತರಾದರೆ ಇದನ್ನು ಏನು ಮಾಡಲಿ ಎಂದು ಕೇಳುತ್ತಾರೆ. ಈ ರೋಗಿಗಳು ಕೇಳುತ್ತಿರಲಿಲ್ಲ. ಹೂಜಿಯಿಂದ ನೀರು ಬಗ್ಗಿಸಿ ಕುಡಿದರು. ಕನ್ನಡಕ ಕೊಟ್ಟರೆ ಹಾಕಿಕೊಂಡರು. ಇನ್ನೊಂದು ಕೊಟ್ಟರೆ ಮೊದಲಿನದನ್ನು ತೆಗೆಯದೆ ಅದರ ಮೇಲೇ ಹಾಕಿದರು. ಮೂರನೆಯದನ್ನೂ ಹಾಗೆಯೇ. ಯಾಕೆ ಎಂದು ಕೇಳಿದಾಗ ಬಂದ ಉತ್ತರದ ಸಾರ ಒಂದೇ: ನೀವು ಕೊಟ್ಟಿರಿ, ಬಳಸಬೇಕೇನೋ ಎಂದುಕೊಂಡೆ. ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಗಮನ ಬೇರೆಡೆ ಹೋದ ಕೂಡಲೆ ಕೈ ಮತ್ತೆ ಅತ್ತಲೇ ಚಾಚುತ್ತಿತ್ತು. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವವರು ಈ ಕೊನೆಯ ಅಂಶವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಹೇಳಿದ್ದು ಅವರಿಗೆ ಅರ್ಥವಾಗಿರುತ್ತದೆ, ನೆನಪೂ ಇರುತ್ತದೆ. ಆದರೆ ಆ ನೆನಪು ಕೈಯನ್ನು ತಡೆಯುವಷ್ಟು ಬಲವಾಗಿ ಉಳಿದಿರುವುದಿಲ್ಲ.

1986ರಲ್ಲಿ ಲೆರ್ಮಿತ್ ತಮ್ಮ ಸಹೋದ್ಯೋಗಿಗಳಾದ ಪಿಯೋನ್ ಮತ್ತು ಸೆರ್ದಾರು ಜೊತೆ ಸೇರಿ 75 ರೋಗಿಗಳ ಅಧ್ಯಯನ ಪ್ರಕಟಿಸಿದರು. ಎದುರಿನವರು ಮಾಡಿದ್ದನ್ನೆಲ್ಲ ತಾನೂ ಮಾಡುವ ಅನುಕರಣೆ ಮತ್ತು ಈ ಬಳಕೆ, ಎರಡೂ ಒಂದೇ ತೊಂದರೆಯ ಎರಡು ಹಂತಗಳೆಂದು ವಾದಿಸಿದರು. ಅದೇ ವರ್ಷದ ಎರಡನೆಯ ಲೇಖನ ಇನ್ನೂ ಮನಸ್ಸಿನಲ್ಲಿ ಉಳಿಯುವಂಥದ್ದು. ರೋಗಿಗಳನ್ನು ಆಸ್ಪತ್ರೆಯಿಂದಾಚೆ ಕರೆದೊಯ್ದು, ಬೇರೆ ಬೇರೆ ಸನ್ನಿವೇಶಗಳಲ್ಲಿ ಅವರು ಹೇಗಿರುತ್ತಾರೆಂದು ನೋಡಿದರು. ‘ಮ್ಯೂಸಿಯಂ’ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ರೋಗಿ ಗೋಡೆಯ ಚಿತ್ರಗಳನ್ನು ಒಂದೊಂದಾಗಿ, ನೋಡಲು ಬಂದವರ ಹಾಗೆ ಪರಿಶೀಲಿಸತೊಡಗಿದ. ಹೊದಿಕೆ ಸರಿಸಿಟ್ಟ ಹಾಸಿಗೆ ಕಂಡಾಗ ಬಟ್ಟೆ ಕಳಚಿ ಮಲಗಿಬಿಟ್ಟ. ಇನ್ನೊಬ್ಬರ ಮನೆ, ಹಗಲು ಹೊತ್ತು, ಎದುರಿಗೆ ವೈದ್ಯರು. ಯಾವುದೂ ಅಡ್ಡ ಬರಲಿಲ್ಲ. ವೈದ್ಯಕೀಯ ಉಪಕರಣಗಳನ್ನು ಕಂಡ ರೋಗಿಯೊಬ್ಬಳು ಲೆರ್ಮಿತ್‌ರನ್ನೇ ಪರೀಕ್ಷಿಸಲು ಹೊರಟಳು. ಇದಕ್ಕೆ ಅವರು ಪರಿಸರಾವಲಂಬನೆಯ ಲಕ್ಷಣಕೂಟ ಎಂದು ಹೆಸರಿಟ್ಟರು. ಲೇಖನದ ಶೀರ್ಷಿಕೆಯಲ್ಲೇ ಮನುಷ್ಯನ ಸ್ವಾಯತ್ತತೆ ಎಂಬ ಮಾತಿದೆ. ಸ್ವಂತ ಇಚ್ಛೆ ಎಂದು ನಾವು ಕರೆಯುವುದರ ಬಹುಪಾಲು ಸುತ್ತಲಿನ ವಸ್ತುಗಳ ಕರೆಗೆ ಓಗೊಡದೆ ಇರುವ ಶಕ್ತಿಯೇ ಎಂಬುದು ಅವರ ನಿಲುವು. ನನಗೆ ಇದು ತತ್ತ್ವದ ಮಾತಿಗಿಂತ ಹೆಚ್ಚಾಗಿ ರೋಗಿಯ ಹಾಸಿಗೆಯ ಪಕ್ಕ ಕುಳಿತು ಕಂಡುಕೊಂಡ ಸತ್ಯ ಎನಿಸುತ್ತದೆ.

ಆದರೂ ಲೆರ್ಮಿತ್ ವಿಧಾನದಲ್ಲಿ ಒಂದು ತೊಡಕಿತ್ತು. ವೈದ್ಯರೇ ವಸ್ತುವನ್ನು ಮುಂದೆ ಹಿಡಿದರೆ ಅದು ಬಾಯಿಬಿಡದ ಅಪ್ಪಣೆಯಂತಲ್ಲವೇ? ವಿಧೇಯನಾದ ಯಾರೇ ಆದರೂ ಬಳಸಬಹುದಲ್ಲ? ಲಂಡನ್ನಿನ ಟಿಮ್ ಶಾಲಿಸ್, ಪಾಲ್ ಬರ್ಗೆಸ್ ಮತ್ತು ಸಂಗಡಿಗರು 1989ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ತಮ್ಮ ರೋಗಿಗೆ ಬೇರೆ ಯಾವುದೋ ಪರೀಕ್ಷೆ ಕೊಟ್ಟು, ಮೇಜಿನ ಮೇಲೆ ಸಾಮಾನುಗಳನ್ನು ಸುಮ್ಮನೆ ಬಿಟ್ಟರು. ಯಾರೂ ಅತ್ತ ನೋಡಲೂ ಇಲ್ಲ. ಆದರೂ ಪರೀಕ್ಷೆಯ ನಡುವೆಯೇ ಆತ ಅವುಗಳನ್ನು ಎತ್ತಿಕೊಂಡು ಬಳಸಿದ. ಇಸ್ಪೀಟು ಕಂಡಾಗ ಅಲ್ಲಿದ್ದವರ ಲೆಕ್ಕಕ್ಕೆ ಸರಿಯಾಗಿ ಎಲೆ ಹಂಚಿದ. ಹೀಗೆ, ಕೊಟ್ಟಾಗ ಬಳಸುವುದು ಒಂದು ಬಗೆ, ಯಾರೂ ಕೊಡದಿದ್ದರೂ ತಾನಾಗಿ ಎತ್ತಿಕೊಳ್ಳುವುದು ಇನ್ನೊಂದು ಬಗೆ ಎಂದು ಬೇರ್ಪಡಿಸಿದರು. ಸುಮ್ಮನೆ ಮುಟ್ಟಿ ತಿರುವುವುದರಿಂದ ಹಿಡಿದು ಗುರಿಯುಳ್ಳ ಪೂರ್ತಿ ಕೆಲಸದವರೆಗೆ ಅದರಲ್ಲಿ ಮೆಟ್ಟಿಲುಗಳನ್ನೂ ಗುರುತಿಸಿದರು. ಮನೆಯವರನ್ನು ಕಂಗೆಡಿಸುವುದು ಈ ಎರಡನೆಯ ಬಗೆ.

ವಸ್ತು ಕೈಯನ್ನು ಕರೆಯುವ ಬಗೆ

ವಸ್ತುವೊಂದನ್ನು ನೋಡುವುದೆಂದರೆ ಅದನ್ನು ಹಿಡಿಯುವ ಸಿದ್ಧತೆಯನ್ನೂ ಅರ್ಧ ಮಾಡಿಕೊಂಡಂತೆ. ಇದು ರೋಗಿಗಳಿಗಷ್ಟೇ ಅಲ್ಲ, ಎಲ್ಲರಿಗೂ ಅನ್ವಯಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ 1979ರ ತಮ್ಮ ಪುಸ್ತಕದಲ್ಲಿ, ವಸ್ತುಗಳು ನಮಗೆ ಆಕಾರವಾಗಿ ಅಷ್ಟೇ ಅಲ್ಲ, ಮಾಡಬಹುದಾದ ಕೆಲಸವಾಗಿ ಕಾಣುತ್ತವೆ ಎಂದರು: ಕುರ್ಚಿ ಕೂರಲು, ಹಿಡಿಕೆ ಹಿಡಿಯಲು. 1998ರಲ್ಲಿ ಟಕರ್ ಮತ್ತು ಎಲಿಸ್ ಇದಕ್ಕೆ ಪ್ರಯೋಗದ ಆಧಾರ ಕೊಟ್ಟರು. ಚಿತ್ರದಲ್ಲಿರುವ ಪಾತ್ರೆ ನೆಟ್ಟಗಿದೆಯೋ ಬೋರಲಾಗಿದೆಯೋ ಎಂದು ಗುಂಡಿ ಒತ್ತಿ ತಿಳಿಸಬೇಕು, ಅಷ್ಟೇ ಕೆಲಸ. ಹಿಡಿಕೆ ಬಲಕ್ಕಿದ್ದಾಗ ಬಲಗೈ ಬೇಗ ಒತ್ತಿತು, ಎಡಕ್ಕಿದ್ದಾಗ ಎಡಗೈ. ಹಿಡಿಕೆಗೂ ಕೇಳಿದ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ.

ಇಟಲಿಯ ಪಾರ್ಮಾದಲ್ಲಿ ರಿಝೊಲಾಟಿ ತಂಡದವರು ಕೋತಿಗಳ ಮಿದುಳಿನಲ್ಲಿ, ಹಿಡಿಯಬಹುದಾದ ವಸ್ತುವನ್ನು ಬರೇ ಕಂಡಾಗಲೇ ಚುರುಕಾಗುವ ನರಕೋಶಗಳನ್ನು ಗುರುತಿಸಿದ್ದಾರೆ. ವಸ್ತುವಿನ ಗಾತ್ರ, ಆಕಾರ, ದೂರಗಳ ಲೆಕ್ಕ ನೆತ್ತಿಹಾಲೆಯಲ್ಲಿ ನಡೆದು, ಅಲ್ಲಿಂದ ಮುಂದಕ್ಕೆ ಕೈಚಲನೆಯನ್ನು ಹೊಂದಿಸುವ ಭಾಗಕ್ಕೆ ಸಾಗುತ್ತದೆ. ಹೀಗೆ ಹೊರಗಿನ ಪ್ರಪಂಚ ನಮ್ಮ ಕೈಯನ್ನು ಸದಾ ಎಳೆಯುತ್ತಿರುತ್ತದೆ. ಮುಂಹಾಲೆಯ ಒಳಮಗ್ಗುಲು ಆ ಎಳೆತವನ್ನು ಹತೋಟಿಯಲ್ಲಿಡುತ್ತದೆ. ಎರಡು ಅರೆಗೋಳಗಳು ಒಂದಕ್ಕೊಂದು ಮುಖ ಮಾಡಿರುವ ಜಾಗ ಅದು. ಅಲ್ಲಿ ಹಾನಿಯಾದರೆ ತಕ್ಕಡಿ ಹೊರಗಿನ ಕಡೆಗೆ ವಾಲುತ್ತದೆ. ಲೆರ್ಮಿತ್ ಕೊಟ್ಟ ವಿವರಣೆ ಸ್ಥೂಲವಾಗಿ ಇದೇ. ನಾರ್ಮನ್ ಮತ್ತು ಶಾಲಿಸ್ ಇದನ್ನೇ ಬೇರೆ ರೀತಿಯಲ್ಲಿ ಹೇಳಿದರು. ಹಲ್ಲುಜ್ಜುವುದು, ಚಹಾ ಸೋಸುವುದು, ಬೀಗ ಹಾಕುವುದು ಮುಂತಾದ ರೂಢಿಯ ಕೆಲಸಗಳು ಸಿದ್ಧ ಮಾದರಿಗಳಾಗಿ ಮಿದುಳಿನಲ್ಲಿರುತ್ತವೆ. ತಕ್ಕ ವಸ್ತು ಕಂಡರೆ ತಾವೇ ಏಳುತ್ತವೆ. ಅವುಗಳಲ್ಲಿ ಯಾವುದು ಈಗ ನಡೆಯಬೇಕು, ಯಾವುದು ಬೇಡ ಎಂದು ನೋಡಿಕೊಳ್ಳುವ ಮೇಲ್ವಿಚಾರಣೆ ಮುಂಹಾಲೆಯದು. ಮೇಲ್ವಿಚಾರಕನಿಲ್ಲದಾಗ ಮುಂದೆ ಕಂಡ ವಸ್ತುವಿನ ಕೆಲಸವೇ ಗೆಲ್ಲುತ್ತದೆ.

ರೂಢಿ ಗಟ್ಟಿಯಾದಷ್ಟೂ ಎಳೆತ ಗಟ್ಟಿ ಎಂಬುದು ಈ ವಿವರಣೆಯಿಂದಲೇ ಹೊರಡುವ ಮಾತು. ದರ್ಜಿಯನ್ನು ಕತ್ತರಿ ಎಳೆದಷ್ಟು ಗುಮಾಸ್ತನನ್ನು ಎಳೆಯಲಾರದು. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಟೇಬಲ್ ನೋಡಿಕೊಂಡವರೊಬ್ಬರಿಗೆ ಈ ತೊಂದರೆ ಬಂತೆಂದು ಊಹಿಸೋಣ. ಮನೆಗೆ ಬಂದ ನೆಂಟರು ಇನ್ನೂ ಕುಡಿಯುತ್ತಿರುವ ಕಾಫಿಯ ಲೋಟವನ್ನು ಅವರು ಎತ್ತಿಕೊಂಡು ಹೋಗಿ ತೊಳೆಯಲು ಇಟ್ಟಾರು, ಒದ್ದೆಬಟ್ಟೆ ಕಂಡರೆ ಮೇಜು ಒರೆಸಿಯಾರು. ಅವರ ಜೀವಮಾನದ ದುಡಿಮೆಯೇ ಕೈಯಲ್ಲಿ ಉಳಿದಿರುತ್ತದೆ, ಸಮಯ ಸಂದರ್ಭ ಮಾತ್ರ ಬಿಟ್ಟುಹೋಗಿರುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ತೊಂದರೆಯನ್ನು ಇಲ್ಲಿ ಬೇರ್ಪಡಿಸಬೇಕು. ಜಪಾನಿನ ಮೋರಿ ಮತ್ತು ಯಮಾದೋರಿ 1982ರಲ್ಲಿ ವಿವರಿಸಿದ ರೋಗಿಯ ಬಲಗೈ ಕಂಡ ಉಪಕರಣವನ್ನೆಲ್ಲ ಹಿಡಿದು ಬಳಸುತ್ತಿತ್ತು, ಎಡಗೈ ಅದನ್ನು ತಡೆಯಲು ಹೆಣಗುತ್ತಿತ್ತು. ಎಡ ಮುಂಹಾಲೆಯ ಒಳಮಗ್ಗುಲಿನ ಜೊತೆಗೆ ಎರಡು ಅರೆಗೋಳಗಳನ್ನು ಬೆಸೆಯುವ ನರಪಟ್ಟಿಯ ಮುಂಭಾಗಕ್ಕೂ ಅಲ್ಲಿ ಪೆಟ್ಟಾಗಿತ್ತು. ಅಂಥ ರೋಗಿಗೆ ತನ್ನ ಕೈ ತನ್ನ ಮಾತು ಕೇಳುತ್ತಿಲ್ಲವೆಂಬ ಅರಿವಿರುತ್ತದೆ, ಅದರಿಂದ ಸಂಕಟವೂ ಆಗುತ್ತದೆ. ಬಳಕೆ ವರ್ತನೆಯಲ್ಲಿ ಎರಡೂ ಕೈ ಒಂದಾಗಿ ದುಡಿಯುತ್ತವೆ. ರೋಗಿಗೆ ತಾನು ಬೇಕೆಂದೇ ಮಾಡಿದೆ ಎನಿಸಿರುತ್ತದೆ. ಕೇಳಿದರೆ ಕಾರಣವನ್ನೂ ಕೊಡುತ್ತಾರೆ.

ಮುಂಬಯಿಯಲ್ಲಿ ಮುಂಹಾಲೆ

ಮುಂಹಾಲೆಗೆ ಹಾನಿ ತರುವ ಕಾರಣಗಳು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಮುಂಬಯಿಯಲ್ಲಿ ಅವುಗಳ ಜೊತೆಗೆ ಲೋಕಲ್ ರೈಲು ಸೇರಿಕೊಂಡಿದೆ. ಉಪನಗರ ರೈಲುಮಾರ್ಗಗಳಲ್ಲಿ ಈಚಿನ ವರ್ಷಗಳಲ್ಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಹಳಿ ದಾಟುವಾಗ ಕೆಲವರು, ಕಿಕ್ಕಿರಿದ ಬೋಗಿಯ ಬಾಗಿಲಿನಿಂದ ಜಾರಿ ಇನ್ನು ಕೆಲವರು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರಾಗಿ ಹಾದಾಗ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದದ್ದು ಊರಿಡೀ ನೆನಪಿರುವ ಘಟನೆ. ಸತ್ತವರ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ತಲೆಗೆ ಪೆಟ್ಟಾಗಿ ಬದುಕಿ ಉಳಿದವರು ಸಯನ್, ಕೆ.ಇ.ಎಂ., ರಾಜಾವಾಡಿ, ಕಳ್ವಾ ಆಸ್ಪತ್ರೆಗಳ ವಾರ್ಡುಗಳಿಂದ ಮನೆಗೆ ಮರಳಿದ ಮೇಲೆ ಏನಾದರು ಎಂಬುದು ಯಾರ ಕಿವಿಗೂ ಬೀಳುವುದಿಲ್ಲ.

ಬಿದ್ದ ಪೆಟ್ಟು ತಲೆಯ ಹಿಂಭಾಗಕ್ಕಾದರೂ ಜಖಂ ಆಗುವುದು ಬಹಳ ಸಲ ಮುಂಹಾಲೆಗೆ. ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ನಿಲ್ಲದೆ ಜಾರುತ್ತದೆ, ಕಣ್ಣುಗುಳಿಗಳ ಮೇಲಿರುವ ಒರಟು ಎಲುಬಿಗೆ ಉಜ್ಜಿಕೊಳ್ಳುತ್ತದೆ. ಹೀಗೆ ಪೆಟ್ಟಾದವರ ಕೈಕಾಲು ನೆಟ್ಟಗಿರಬಹುದು, ಮಾತು ಸರಿಯಿರಬಹುದು. ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದಾಗ ಎಲ್ಲರೂ ಗಂಡಾಂತರ ಕಳೆಯಿತೆಂದೇ ನಂಬುತ್ತಾರೆ. ವಾರಗಳ ಮೇಲೆ, ಮನುಷ್ಯ ಮೊದಲಿನಂತಿಲ್ಲ ಎಂಬುದು ಒಂದೊಂದಾಗಿ ಗೋಚರವಾಗುತ್ತದೆ. ದ್ವಿಚಕ್ರ ವಾಹನದ ಅಪಘಾತಗಳಲ್ಲೂ, ಕಟ್ಟಡ ಕೆಲಸದಲ್ಲಿ ಎತ್ತರದಿಂದ ಬಿದ್ದವರಲ್ಲೂ ಇದೇ ಕತೆ.

ಪೆಟ್ಟಿಲ್ಲದೆ ಬರುವ ಕಾರಣಗಳೂ ಹಲವು. ಮುಂಹಾಲೆಯ ಒಳಮಗ್ಗುಲಿಗೆ ರಕ್ತ ಒಯ್ಯುವ ಮುಂದಿನ ಧಮನಿ ಕಟ್ಟಿಕೊಂಡು ಬರುವ ಲಕ್ವ, ಅದೇ ಧಮನಿಗಳ ಕೂಡುವೆಡೆಯಲ್ಲಿ ಉಬ್ಬಿದ ರಕ್ತನಾಳ ಒಡೆಯುವುದು, ಗೆಡ್ಡೆಗಳು, ಕ್ಷಯದ ಗಂಟು, ಮಿದುಳಿನ ಗೂಡುಗಳಲ್ಲಿ ನೀರು ತುಂಬುವುದು. ಹಾನಿ ಮುಂಹಾಲೆಯಲ್ಲೇ ಇರಬೇಕೆಂದೂ ಇಲ್ಲ. 1991ರಲ್ಲಿ ಎಸ್ಲಿಂಗರ್ ಮತ್ತು ಸಂಗಡಿಗರು ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಪುಟ್ಟ ಭಾಗವೊಂದು ಸತ್ತಾಗಲೂ ಇದೇ ವರ್ತನೆ ಬಂದದ್ದನ್ನು ತೋರಿಸಿದರು. ಮುಂಹಾಲೆಗೆ ಸುದ್ದಿ ಮುಟ್ಟಿಸುವ ದಾರಿ ಅಲ್ಲೇ ಕಡಿದಿತ್ತು. ಕಾರಣ ಹುಡುಕುವುದು ಯಾಕೆ ಮುಖ್ಯವೆಂದರೆ ಕೆಲವು ಕಾರಣಗಳಿಗೆ ಮದ್ದುಂಟು. ಮಿದುಳಿನ ಹೊದಿಕೆಯಿಂದ ಹುಟ್ಟಿ ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುವ ಮೆನಿಂಜಿಯೋಮಾ ಗೆಡ್ಡೆಯನ್ನು ತೆಗೆದರೆ ನಡವಳಿಕೆ ಸುಧಾರಿಸಬಹುದು. ನೀರು ತುಂಬಿದ್ದರೆ ನಳಿಕೆ ಹಾಕಿ ಇಳಿಸಬಹುದು. ವಯಸ್ಸಾಯಿತು, ಅರಳುಮರಳು ಎಂದು ಬಿಟ್ಟುಬಿಟ್ಟರೆ ಈ ಅವಕಾಶವೂ ತಪ್ಪುತ್ತದೆ.

ಮದ್ದಿಲ್ಲದ ಕಾರಣಗಳಲ್ಲಿ ಮುಖ್ಯವಾದದ್ದು ಫ್ರಂಟೋಟೆಂಪೊರಲ್ ಡಿಮೆನ್ಶಿಯಾ. ಮುಂಹಾಲೆಯೂ ಕಿವಿಯ ಬದಿಯ ಹಾಲೆಯೂ ಸವೆಯುವ ಈ ಕಾಯಿಲೆಯನ್ನು 1892ರಲ್ಲಿ ಪ್ರಾಗ್‌ನ ಆರ್ನಾಲ್ಡ್ ಪಿಕ್ ಮೊದಲು ವಿವರಿಸಿದರು. ಇಲ್ಲಿ ಹೆಚ್ಚಾಗಿ ಮೊದಲು ಕೆಡುವುದು ನೆನಪಲ್ಲ, ನಡತೆ. ಮುಂದೆ ಬೆಂಗಳೂರಿನಲ್ಲಿ ಡಿಮೆನ್ಶಿಯಾ ರೋಗಿಗಳ ಆರೈಕೆಯಲ್ಲಿ ತೊಡಗಿಕೊಂಡ ಇ. ರತ್ನವಲ್ಲಿ, ಕೇಂಬ್ರಿಜ್‌ನ ತಂಡದೊಂದಿಗೆ 2002ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಕೇಂಬ್ರಿಜ್‌ನ 45ರಿಂದ 64 ವಯಸ್ಸಿನವರಲ್ಲಿ ಲಕ್ಷಕ್ಕೆ 15 ಮಂದಿಗೆ ಈ ಕಾಯಿಲೆ ಇತ್ತು. ಸಂಖ್ಯೆ ಚಿಕ್ಕದು, ಆದರೆ ವಯಸ್ಸನ್ನು ನೋಡಿ: ದುಡಿಯುವ, ಮಕ್ಕಳ ಓದು ಮದುವೆಗಳ ಹೊಣೆ ಹೊತ್ತಿರುವ ವಯಸ್ಸು. ಮುಂಬಯಿಯಲ್ಲೇ ಸಿ. ಜೆ. ವಾಸ್ ಮತ್ತು ಸಂಗಡಿಗರು 24 ಸಾವಿರಕ್ಕೂ ಹೆಚ್ಚು ಜನರನ್ನು ತಪಾಸಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 65 ದಾಟಿದವರಲ್ಲಿ ಎಲ್ಲ ಬಗೆಯ ಡಿಮೆನ್ಶಿಯಾ ಸೇರಿ ಶೇ. 2.44ರಷ್ಟು ಕಂಡುಬಂತು. ಈಚಿನ ರಾಷ್ಟ್ರೀಯ ಅಂದಾಜು ಇನ್ನೂ ಹೆಚ್ಚು: 60 ದಾಟಿದವರಲ್ಲಿ ಶೇ. 7.4, ಅಂದರೆ ಸುಮಾರು 88 ಲಕ್ಷ ಮಂದಿ. ಅಳೆಯುವ ವಿಧಾನ ಬೇರೆಯಾದ್ದರಿಂದ ಈ ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಮಾತಿಲ್ಲದ ಪರೀಕ್ಷೆ

ಮುಂಹಾಲೆಯ ಬಹುತೇಕ ಪರೀಕ್ಷೆಗಳು ಮಾತಿನವು. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ನಿಮಿಷದಲ್ಲಿ ಎಷ್ಟು ಹೇಳಬಲ್ಲಿರಿ, ಈ ಗಾದೆಯ ಅರ್ಥವೇನು, ಬಾಳೆಹಣ್ಣಿಗೂ ಕಿತ್ತಳೆಗೂ ಏನು ಸಾಮ್ಯ. ಮುಂಬಯಿಯ ಕನ್ನಡಿಗರಿಗೆ ಇಲ್ಲೊಂದು ತೊಡಕು. ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದ ಸಭೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಆಸ್ಪತ್ರೆಯಲ್ಲಿ ಮರಾಠಿ. ಎಪ್ಪತ್ತರ ಅಜ್ಜಿಗೆ ಹಿಂದಿ ಗಾದೆಯ ಅರ್ಥ ಹೊಳೆಯಲಿಲ್ಲವೆಂದರೆ ಅದು ಮಿದುಳಿನ ದೋಷವೋ ಭಾಷೆಯದೋ ಹೇಳುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ ಪರೀಕ್ಷೆಗಳ ಕಟ್ಟೊಂದನ್ನು ಸಿದ್ಧಪಡಿಸಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕೂಡ 2004ರಲ್ಲಿ ತನ್ನದೇ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯನ್ನು ಹೊರತಂದಿತು. ಆದರೆ ಪರೀಕ್ಷೆ ಕನ್ನಡದಲ್ಲಿದ್ದರೆ ಸಾಲದು, ಪರೀಕ್ಷಿಸುವವರಿಗೂ ಕನ್ನಡ ಬರಬೇಕು.

ಬಳಕೆ ವರ್ತನೆಯ ಪರೀಕ್ಷೆಗೆ ಈ ತೊಡಕಿಲ್ಲ. ವಸ್ತುವನ್ನು ಮುಂದಿಟ್ಟು ಸುಮ್ಮನಿರುವುದೇ ಪರೀಕ್ಷೆ. ದುಬಾ ಮತ್ತು ಸಂಗಡಿಗರು 2000ದಲ್ಲಿ ರೂಪಿಸಿದ, 18 ಅಂಕಗಳ ಚಿಕ್ಕ ಮುಂಹಾಲೆ ಪರೀಕ್ಷೆಯ ಕೊನೆಯ ಭಾಗವೂ ಇದರ ತಮ್ಮನೇ. ಲೆರ್ಮಿತ್ ಜೊತೆಗಿದ್ದ ಪಿಯೋನ್ ಈ ತಂಡದಲ್ಲೂ ಇದ್ದರು. ರೋಗಿಯ ಅಂಗೈಗಳನ್ನು ಮೊಣಕಾಲ ಮೇಲೆ ತೆರೆದಿಡಿಸಿ, ವೈದ್ಯರು ಮಾತಾಡದೆ ತಮ್ಮ ಕೈ ತಾಗಿಸುತ್ತಾರೆ. ಹಿಡಿದರೆ, ಹಿಡಿಯಬೇಡಿ ಎಂದು ಹೇಳಿ ಮತ್ತೊಮ್ಮೆ ತಾಗಿಸುತ್ತಾರೆ. ಹೇಳಿದ ಮೇಲೂ ಹಿಡಿದರೆ ಅಂಕ ಸೊನ್ನೆ. ವಸ್ತುಗಳನ್ನು ಇಟ್ಟು ನೋಡುವಾಗ ಮಾತ್ರ ರೋಗಿಯ ಬಾಳಿಗೆ ಒಗ್ಗಿದವನ್ನೇ ಆರಿಸಬೇಕು: ಚೊಂಬು, ಬಾಚಣಿಗೆ, ಅಡಕತ್ತರಿ, ಬೀಗದಕೈ. ಫ್ರೆಂಚ್ ಪಟ್ಟಿಯನ್ನು ಹಾಗೇ ಎತ್ತಿಕೊಂಡರೆ ಫಲವಿಲ್ಲ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದು ಅಪರೂಪದ ಲಕ್ಷಣ. ಇಟಲಿಯ ದೆ ರೆನ್ಸಿ ಮತ್ತು ಸಂಗಡಿಗರು 1996ರಲ್ಲಿ ಮುಂಹಾಲೆ ರೋಗಿಗಳನ್ನು ನೋಡಿದಾಗ ಅನುಕರಣೆ ಸಾಕಷ್ಟು ಮಂದಿಯಲ್ಲಿತ್ತು, ಬಳಕೆ ವರ್ತನೆ ಬೆರಳೆಣಿಕೆಯಷ್ಟೇ. ಇದು ಕಾಣದಿದ್ದರೆ ಮುಂಹಾಲೆ ಸರಿಯಿದೆ ಎಂದಲ್ಲ. ಕಂಡರೆ ಮಾತ್ರ ತಪ್ಪದೆ ಸ್ಕ್ಯಾನ್ ಮಾಡಿಸಬೇಕು.

ಗೀಳಿನ ಕಾಯಿಲೆಯ ಜೊತೆಗೆ ಇದನ್ನು ಗೊಂದಲ ಮಾಡಿಕೊಳ್ಳುವುದುಂಟು. ಗೀಳಿನಲ್ಲಿ ಮೊದಲು ಕಳವಳ, ಅದನ್ನು ಇಳಿಸಲು ಕ್ರಿಯೆ. ಇಲ್ಲಿ ಕಳವಳವಿಲ್ಲ. ಕದಿಯುವ ಚಪಲದಲ್ಲಿ ಒಳಗೊಂದು ಒತ್ತಡ, ಕದ್ದ ಮೇಲೆ ಬಿಡುಗಡೆ. ಇಲ್ಲಿ ಅದೂ ಇಲ್ಲ. ಆದರೆ ಅಂಗಡಿಯ ಮುಂದೆ ಜೋಡಿಸಿಟ್ಟ ಬಿಸ್ಕತ್ತು ಪೊಟ್ಟಣ ಒಡೆದು ತಿಂದವನನ್ನು ಅಂಗಡಿಯವನು ಹೇಗೆ ನೋಡಿಯಾನು? ಪಕ್ಕದ ಮನೆಯ ಬಾಗಿಲ ಬಳಿಯ ಚಪ್ಪಲಿ ಮೆಟ್ಟಿಕೊಂಡು ಹೊರಟ ಹಿರಿಯರ ಬಗ್ಗೆ ಸಾಲುಕೋಣೆಗಳ ಚಾಳಿನಲ್ಲಿ ಎಂಥ ಮಾತು ಹುಟ್ಟೀತು? ಮಾಡುತ್ತಿರುವ ಕೃತ್ಯದ ಸ್ವರೂಪ ತಿಳಿಯಲಾರದ ಮನಸ್ಥಿತಿಯವರನ್ನು ಅಪರಾಧಿಯೆನ್ನಲಾಗದು ಎಂಬ ನಿಯಮ ಹಿಂದಿನ ದಂಡಸಂಹಿತೆಯ 84ನೆಯ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯದರಲ್ಲಿದೆ. ಬಳಕೆ ವರ್ತನೆಯವರಿಗೆ ಅದು ಸರಿಯಾಗಿ ಹೊಂದುವುದಿಲ್ಲ. ಇವರಿಗೆ ಕೃತ್ಯದ ಸ್ವರೂಪ ತಿಳಿದಿರುತ್ತದೆ, ತಡೆಯಲಾಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿಯೂ ತಲೆಪೆಟ್ಟಿನಿಂದಾದ ಮಿದುಳಿನ ಹಾನಿಗೆ ಪ್ರತ್ಯೇಕ ಹೆಸರಿಲ್ಲ. ಕೈಕಾಲು ನೆಟ್ಟಗಿರುವ ಇವರ ತೊಂದರೆ ಕಾಗದದ ಮೇಲೂ ಕಾಣಿಸದೆ ಉಳಿಯುತ್ತದೆ. ಇದನ್ನು ಸರಿಪಡಿಸಲೇಬೇಕು.

ಖೋಲಿ

ಬಳಕೆ ವರ್ತನೆಗೆಂದೇ ಔಷಧವಿಲ್ಲ. ಫ್ರಂಟೋಟೆಂಪೊರಲ್ ಡಿಮೆನ್ಶಿಯಾದಲ್ಲಿ ಟ್ರಾಝೊಡೋನ್‌ನಂಥ ಮಾತ್ರೆಗಳು ನಡವಳಿಕೆಯನ್ನು ಕೊಂಚ ತಣಿಸುತ್ತವೆ. ಅಲ್ಝೈಮರ್‌ಗೆ ಕೊಡುವ ನೆನಪಿನ ಮಾತ್ರೆಗಳಿಂದ ಇಲ್ಲಿ ಪ್ರಯೋಜನವಿಲ್ಲ. ಉಳಿದದ್ದು ಸುತ್ತಲಿನ ಜಾಗವನ್ನು ಬದಲಿಸುವುದು. ಎಲ್ಲ ವೈದ್ಯರೂ ಹೇಳುವ ಮಾತು ಒಂದೇ: ಅಪಾಯದ ವಸ್ತುಗಳನ್ನು ಕಣ್ಣಿಗೆ ಬೀಳದ ಹಾಗೆ, ಕೈಗೆ ಎಟುಕದ ಹಾಗೆ ಇಡಿ.

ಮುಂಬಯಿಯಲ್ಲಿ ಈ ಸಲಹೆಯನ್ನು ಪಾಲಿಸುವುದು ಹೇಗೆಂದು ಯೋಚಿಸಿ ನೋಡಬೇಕು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳು ವರಳಿ, ನಾಯ್ಗಾಂವ್, ಎನ್. ಎಂ. ಜೋಶಿ ಮಾರ್ಗ, ಶಿವಡಿಗಳಲ್ಲಿ ಒಟ್ಟು 207. ಒಂದೊಂದು ಖೋಲಿ, ಎಂದರೆ ಒಂದೇ ಕೋಣೆಯ ಮನೆ, 160 ಚದರಡಿ. ಈಗ ಅವುಗಳಲ್ಲಿ ಹಲವುಗಳ ಜಾಗದಲ್ಲಿ 500 ಚದರಡಿಯ ಮನೆಗಳು ಏಳುತ್ತಿವೆ. ಆದರೆ ನೂರೈವತ್ತು ಇನ್ನೂರು ಚದರಡಿಯಲ್ಲಿ ಐದಾರು ಮಂದಿ ಬದುಕುವುದು ಈ ಊರಿನಲ್ಲಿ ಇಂದಿಗೂ ಸಾಮಾನ್ಯ. ಅಂಥ ಖೋಲಿಯಲ್ಲಿ ಮೋರಿಯಿಂದ, ಎಂದರೆ ಮೂಲೆಯ ಬಚ್ಚಲಿನಿಂದ, ಗ್ಯಾಸ್ ಒಲೆಗೆ ಎರಡು ಹೆಜ್ಜೆ, ಒಲೆಯಿಂದ ಮಂಚಕ್ಕೆ ಮೂರು. ಮೆಟ್ಟುಕತ್ತಿ, ಬೆಂಕಿಪೊಟ್ಟಣ, ಇಸ್ತ್ರಿಪೆಟ್ಟಿಗೆ, ಮಾತ್ರೆ ಡಬ್ಬಿ, ದೇವರ ಮುಂದಿನ ದೀಪ, ಮಗಳ ಪುಸ್ತಕ, ಮಗನ ಸ್ಕೂಟರಿನ ಕೀಲಿ, ಎಲ್ಲವೂ ಮಂಚದಲ್ಲಿ ಕುಳಿತವರ ಕಣ್ಣಳತೆಯಲ್ಲಿ. ಕೈಗೆ ಎಟುಕದ ಜಾಗವೆಂಬುದೇ ಇಲ್ಲಿ ಇಲ್ಲ. ಮನೆಯ ಪ್ರತಿಯೊಂದು ವಸ್ತುವೂ ಕರೆಯುವಾಗ, ಬೇಡ ಅಪ್ಪ, ಇಡಿ ಅಪ್ಪ ಎಂದು ದಿನವಿಡೀ ಹೇಳಿ ಹೇಳಿ ಸೋಲುವ ಮನೆಮಂದಿಯನ್ನು ತಾಳ್ಮೆಯಿಲ್ಲದವರು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವರು ಅದನ್ನು ಹಟವೆಂದು ತಿಳಿದುಕೊಂಡಿರುವುದು ತಪ್ಪು ತಿಳಿವಳಿಕೆ, ಕಲ್ಲೆದೆಯಲ್ಲ.

ಕೈ, ವಸ್ತು, ಕೋಣೆ ಮೂರನ್ನೂ ಒಟ್ಟಿಗೆ ನೋಡುವ ವಿದ್ಯೆ ಆಕ್ಯುಪೇಶನಲ್ ಥೆರಪಿ. ಅದು ಭಾರತದಲ್ಲಿ ಬೇರೂರಿದ್ದು ಈ ಊರಿನಲ್ಲೇ. 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ ತೆರೆದರು. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ ಭಾರತವನ್ನೇ ಮನೆ ಮಾಡಿಕೊಂಡವರು ಅವರು. 1952ರಲ್ಲಿ ಅಖಿಲ ಭಾರತ ಮಟ್ಟದ ಸಂಘವನ್ನೂ ಕಟ್ಟಿದರು. ನೊಶಿರ್ ವಾಡಿಯಾ (1925-2016) ಜೆ.ಜೆ. ಆಸ್ಪತ್ರೆಯಲ್ಲಿ ನರರೋಗ ವಿಭಾಗ ಕಟ್ಟಿದ್ದನ್ನು ಊರು ನೆನೆಯುತ್ತದೆ, ನೆನೆಯಲೇಬೇಕು. ತಲೆಪೆಟ್ಟಿನವರ ಮುಂದಿನ ಬದುಕಿಗೆ ನಿಂಬ್ಕರ್ ಅವರ ಶಾಲೆ ಕೊಟ್ಟದ್ದೂ ಅಷ್ಟೇ ದೊಡ್ಡದು.

ಈ ವಿದ್ಯೆಯ ತಿರುಳನ್ನು ಚಿಕ್ಕ ಖೋಲಿಗೂ ಒಗ್ಗಿಸಬಹುದು. ಕೋಣೆಯನ್ನು ಖಾಲಿ ಮಾಡಲಾಗದಿದ್ದರೆ ಕಣ್ಣಿಗೆ ಕಾಣುವುದನ್ನು ಕಡಿಮೆ ಮಾಡಬಹುದು. ಅಡುಗೆಕಟ್ಟೆಗೆ ಒಂದು ಪರದೆ, ಗಾಜಿನ ಕಪಾಟಿಗೆ ಒಳಗಿನಿಂದ ಕಾಗದ. ಅಡುಗೆ ಮುಗಿದ ಕೂಡಲೆ ಸಿಲಿಂಡರಿನ ರೆಗ್ಯುಲೇಟರನ್ನೇ ಬಂದ್ ಮಾಡುವ ರೂಢಿ. ಬೆಂಕಿಪೊಟ್ಟಣ ದೇವರ ಗೂಡಿನಲ್ಲಿ ಬೇಡ, ದೀಪ ಹಚ್ಚುವವರ ಬಳಿಯಿರಲಿ. ಕುಳಿತ ಜಾಗದಿಂದ ಅಡುಗೆಯ ಕಡೆಗೆ ಬೆನ್ನು ಬರುವಂತೆ ಮಂಚ ತಿರುಗಿಸಿದರೂ ಅರ್ಧ ಗಲಾಟೆ ಇಳಿಯುತ್ತದೆ. ಕೈಯಲ್ಲಿರುವುದನ್ನು ಕಿತ್ತುಕೊಳ್ಳಬಾರದು. ಮುಂಹಾಲೆಗೆ ಪೆಟ್ಟಾದವರ ಹಿಡಿತ ಎಳೆದಷ್ಟೂ ಬಿಗಿಯಾಗುತ್ತದೆ. ಇನ್ನೊಂದು ವಸ್ತುವನ್ನು ಮುಂದಿಟ್ಟರೆ ಮೊದಲನೆಯದು ತಾನಾಗಿ ಸಡಿಲವಾಗುವುದುಂಟು. ಖಾಲಿ ಕೈಗಿಂತ ತುಂಬಿದ ಕೈ ಮೇಲು. ಬಸಳೆ ಸೊಪ್ಪು ಬಿಡಿಸುವುದು, ಬಟ್ಟೆ ಮಡಚುವುದು, ಹೂ ಕಟ್ಟುವುದು, ಬೀನ್ಸ್‌ನ ನಾರು ತೆಗೆಯುವುದು, ಹಿಂದೆ ಯಾವ ಕೆಲಸದಲ್ಲಿ ಕೈ ಪಳಗಿತ್ತೋ ಅದು.

ಕೈಯನ್ನು ಎಳೆಯುವ ಅದೇ ಬಲವನ್ನು ಆರೈಕೆಗೂ ತಿರುಗಿಸಿಕೊಳ್ಳಬಹುದು. ಮುಂಹಾಲೆಗೆ ಹಾನಿಯಾದವರಲ್ಲಿ ಹಲವರು, ಎದುರಿಗೆ ವಸ್ತುವಿಲ್ಲದಿದ್ದರೆ, ತಾವಾಗಿ ಏನನ್ನೂ ಶುರುಮಾಡುವುದಿಲ್ಲ. ಸ್ನಾನಕ್ಕೆ ಏಳಿ ಎಂದು ಹತ್ತು ಸಲ ಹೇಳಿದರೂ ಕುಳಿತೇ ಇರುತ್ತಾರೆ. ಹೇಳುವುದನ್ನು ಬಿಟ್ಟು ತೋರಿಸಿದರೆ ಕೆಲಸ ಸಾಗುತ್ತದೆ. ಪೇಸ್ಟ್ ಹಚ್ಚಿದ ಬ್ರಷ್ ಒಂದನ್ನೇ ಮೋರಿಯ ಅಂಚಿನಲ್ಲಿ ಇಡುವುದು. ಹಲ್ಲುಜ್ಜಿ ಆದ ಮೇಲೆ ಅದನ್ನು ತೆಗೆದು, ನೀರು ತುಂಬಿದ ಬಕೆಟ್ಟು ಮತ್ತು ಚೊಂಬು. ಆಮೇಲೆ ಸೋಪು, ಆಮೇಲೆ ಟವಲು, ಕೊನೆಗೆ ಮಂಚದ ಮೇಲೆ ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿಟ್ಟ ಬಟ್ಟೆ. ಒಂದು ಹೊತ್ತಿಗೆ ಒಂದೇ ವಸ್ತು, ಮಾತು ಆದಷ್ಟು ಕಡಿಮೆ. ಸ್ನಾನ ಮುಗಿದ ಕೂಡಲೆ ಚೊಂಬು ಮತ್ತೆ ಅಟ್ಟಕ್ಕೆ ಹೋಗಬೇಕು, ಇಲ್ಲವಾದರೆ ಎರಡನೆಯ ಸ್ನಾನ ಶುರುವಾಗುತ್ತದೆ.